ರೋಲರ್ ಕೋಸ್ಟರ್ ಮೇಲೆ ನಮ್ಮ ಮನೆಯವರು

ಪುಣೆ, ಮೇ ೨೦೧೩

ತಂಗಿ ಶಿವಗಂಗಾ, ಶರಣು.

ಬೀಗರು ನಮ್ಮನ್ನು ಮೋಜಿನ ಪಾರ್ಕಿಗೆ ಕರೆದೊಯ್ದು ರೋಲರ್ ಕೋಸ್ಟರ್ ಹತ್ತಿಸಿದರು. ಕೊರಳಲ್ಲಿರುವುದನ್ನು ತೆಗೆದಿಡಿ ಎಂದ ಅಲ್ಲಿನ ಕೆಲಸದವನ ಜತೆ ನಮ್ಮ ಮನೆಯವರು, "ಲಿಂಗ ಮೈಮ್ಯಾಲಿಂದ ತಗಿಯಂಗಿಲ್ರೀ," ಎಂದು ಜಗಳಾಡಿ, ಅದನ್ನು ಅಂಗಿಯೊಳಗೆ ಬಿಗಿದುಕೊಂಡೇ ಕುಳಿತರು. ಬಂಡಿ ಮೇಲಿನಿಂದ ಧುಮುಕಿದಾಗ ಎದೆಯ ಲಿಂಗ ಹಿಡಿದು ಕೂಗಿದ್ದು ಮಾತ್ರ, "ಮಾಣಿಕಾ!" ಮದುವೆಯಾದಾಗಿನಿಂದ "ಏ, ಇಲ್ಲಿ ಬಾ" ಬಿಟ್ಟು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಕೊನೆಗೆ ಬಂಡಿ ಕೊಳಕ್ಕಿಳಿದು, ಬರ ಬಿದ್ದ ನಮ್ಮೂರು ಮುರುಮದ ಓಣಿಯೆಲ್ಲ ಮೀಯುವಷ್ಟು ನೀರು ಎರಚಿತು. ತೊಯ್ದು ಇಳಿದವರು, "ನಾ ಶಿವಾ ಅಂದೀನಿ," ಎನ್ನುತ್ತಾರೆ.

ಊರಿಗೆ ನೀರಿನ ಟ್ಯಾಂಕರ್ ಬಂದರೆ ನಮ್ಮ ಕೊಡಗಳನ್ನೂ ಸಾಲಿಗಿಡು. ನಾನು ಆರಾಮ, ಇವರ ಗಂಟಲು ಕಟ್ಟಿದೆ. ನಾಳೆ ಇನ್ನೊಮ್ಮೆ ಹತ್ತಿಸುತ್ತೇನೆ. ಶಿವನನ್ನೇ ಕರೆಯುತ್ತಾರೋ ನೋಡೋಣ.

ನಿನ್ನ ಅಕ್ಕ
ಮಾಣಿಕಬಾಯಿ