ಹುಣಸೆಮರದ ತನಕ

ಅತ್ತೆ,

ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಮುರ್ಬಾಡಿನ ಹಳ್ಳಿಮನೆಯ ರಿಜಿಸ್ಟ್ರೇಷನ್‌ಗೆ ಹೊರಟಿದ್ದೇನೆ. ಹನ್ನೆರಡಕ್ಕೆ ಸಹಿ.

ನೀರು ಹಿಡಿದಿಟ್ಟಿದ್ದೇನೆ. ತಿಂಡಿಯಾದ ಮೇಲೆ ಬಿ.ಪಿ. ಮಾತ್ರೆ. ನಿನ್ನೆಯ ಹಾಗೆ ಮರೆತೆ ಎನ್ನಬೇಡಿ.

ದಹಿಸರಿನ ಈ ಮನೆ ಬಿಟ್ಟು ಆ ಕಾಡಿಗೇಕೆ ಎಂದು ಕೇಳಿದಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆ ನೋಡಲು ಹೋದ ದಿನ ಚಪ್ಪಲಿ ಬಿಚ್ಚಿ ಕೈಯಲ್ಲೇ ಹಿಡಿದು ನಿಂತಿದ್ದೆ. ಇಲ್ಲಿ ಪ್ಯಾಸೇಜಿನಲ್ಲಿ ಬಿಟ್ಟು ಅಕ್ಕಪಕ್ಕದವರಿಂದ ಬೈಸಿಕೊಂಡ ಅಭ್ಯಾಸ. ಮನೆ ಮಾರುವ ಅಜ್ಜಿ ನಕ್ಕರು: "ಎಲ್ಲಾದ್ರೂ ಬಿಡು ಪೋರೀ, ಆ ಹುಣಸೆಮರದ ತನಕ ನಿಂದೇ." ಮರದ ಕೆಳಗಿದ್ದ ಹಸು ನಾಯಿಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಇಲ್ಲಿ ಒಂದು ಕೋಣೆಗೂ ಸಾಲದ ದುಡ್ಡಿಗೆ ಅಷ್ಟೂ ನಮ್ಮದು. ನಿಮ್ಮ ಮಗ ತೀರಿಹೋದ ಮೇಲೆ, ಉಸಿರಾಡುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಅಲ್ಲೇ.

ನಿಮಗೆ ಬೇಡವೆಂದರೆ ಹನ್ನೆರಡರೊಳಗೆ ಫೋನ್ ಮಾಡಿ. ಸಹಿ ಹಾಕದೆ ಬರುತ್ತೇನೆ. ನಿಮ್ಮನ್ನು ಬಿಟ್ಟು ನಾನೊಬ್ಬಳೇ ಹೋಗುವುದಿಲ್ಲ.

ಫೋನ್ ಬಾರದಿದ್ದರೆ ಬರುವಾಗ ರಂಗೋಲಿ ಪುಡಿ ತರುತ್ತೇನೆ. ಇಲ್ಲಿ ಬಾಗಿಲ ಮುಂದಿನ ಒಂದು ಟೈಲಿನಲ್ಲಿ ಹಿಡಿಸುವಷ್ಟೇ ಚುಕ್ಕಿ ಇಡುತ್ತೀರಿ. ಅಲ್ಲಿ ಎಷ್ಟು ಚುಕ್ಕಿ ಇಡುತ್ತೀರೋ, ನನಗೆ ಊಹಿಸಲಾಗುತ್ತಿಲ್ಲ.

ಧಾತ್ರಿ