ಸುಣ್ಣದಕಲ್ಲಿನ ತೊಟ್ಟಿ

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಯಿತು. ಒಂದು ಸಾಲೂ ಬರೆಯದ ಈ ಭಾವಮೈದುನನನ್ನು ಬೈದುಕೊಂಡಿರುತ್ತೀರಿ. ಬೈಯಿರಿ, ಆದರೆ ಪತ್ರ ಪೂರ್ತಿ ಓದಿ ಬೈಯಿರಿ. ಫೋನ್ ಮಾಡಬಹುದಿತ್ತು, ನಿಮ್ಮ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ.

ನೀವು ಇಪ್ಪತ್ತು ವರ್ಷ ನೋಡಿಕೊಂಡ ತೊಟ್ಟಿಯ ಪಕ್ಕದಲ್ಲೇ ಕೂತಿದ್ದೇನೆ. ಕಾರ್ಖಾನೆಯಲ್ಲಿ ತಂತಿ ತೊಳೆದ ಆಸಿಡ್ ನೀರಿನ ಹುಳಿ ಮುರಿಯಲು ಈಗ ಬರೀ ಕಾಸ್ಟಿಕ್ ಸೋಡಾ ಸುರಿಯುವುದಿಲ್ಲ. ಮೊದಲು ಸುಣ್ಣದಕಲ್ಲಿನ ಜಲ್ಲಿಯ ಮೇಲೆ ಹರಿಸಿ, ಅರ್ಧ ಹುಳಿ ಅಲ್ಲೇ ಇಳಿಸಿ, ಉಳಿದದ್ದಕ್ಕೆ ಮಾತ್ರ ಕಾಸ್ಟಿಕ್. ಮೊದಲ ತಿಂಗಳೇ ಖರ್ಚು ಅರ್ಧಕ್ಕಿಳಿಯಿತು. ಮ್ಯಾನೇಜರು ಬೆನ್ನು ತಟ್ಟಿ, ಕಾಸ್ಟಿಕ್ ಡ್ರಮ್ಮುಗಳ ಆರ್ಡರನ್ನೂ ಅರ್ಧ ಮಾಡಿಬಿಟ್ಟರು.

ಈಗ ಒಂದೊಂದು ಕಲ್ಲಿನ ಮೈಗೂ ಬಿಳಿ ಪದರ ಕಟ್ಟಿದೆ. ನೀರು ಹುಳಿಯಾಗಿಯೇ ದಾಟಿ ಹೋಗುತ್ತಿದೆ, ಅರ್ಧಕ್ಕಿಳಿಸಿದ ಕಾಸ್ಟಿಕ್ ಅದಕ್ಕೆ ಸಾಲುತ್ತಿಲ್ಲ. ನಿನ್ನೆ ಹೊರಬಾಯಿಯಲ್ಲಿ ಅದ್ದಿದ ಲಿಟ್ಮಸ್ ಕಾಗದ ಕೆಂಪಾಯಿತು. ಕೂಡಲೇ ವಾಲ್ವ್ ಮುಚ್ಚಿದೆ. ಮೋರಿಯ ಕೊನೆಗೆ ಹಳ್ಳವಿದೆ, ಅಲ್ಲಿ ದನ ನೀರು ಕುಡಿಯುತ್ತವೆ, ನಿಮಗೆ ಗೊತ್ತು.

ನೀರು ಪರೀಕ್ಷಿಸುವ ಲ್ಯಾಬಿನ ಹುಡುಗಿ ಬಂದು, "ಏನಣ್ಣಾ, ನಿನ್ನ ಕಲ್ಲುಗಳು ಊಟ ಬಿಟ್ಟಿವೆಯಂತೆ?" ಅಂದಳು.

"ಕೋಪ ಮಾಡ್ಕೊಂಡು ಕೂತಿವೆ ಕಣಮ್ಮ," ಅಂದೆ.

ನಕ್ಕವಳು ಆಮೇಲೆ ಮೆಲ್ಲಗೆ, "ಹಿಡಿದಿಟ್ಟ ನೀರಿಗೆ ಶನಿವಾರದವರೆಗೆ ಮಾತ್ರ ಜಾಗ. ಅದಾದ ಮೇಲೆ ತುಂಬಿ ಹಳ್ಳಕ್ಕೇ ಹೋಗುತ್ತೆ ನೋಡು," ಎಂದಳು.

ಭಾವ, ಆವತ್ತು ನಿಮ್ಮ ಅಡುಗೆಮನೆಯಲ್ಲಿ ಗಾಜಿನ ಲೋಟಕ್ಕೆ ಜಲ್ಲಿ ಹಾಕಿ ತೋರಿಸುತ್ತಿದ್ದಿರಲ್ಲ, ನೀರು ಮೇಲಿಂದ ಬಿಡಬೇಕು ಅಂದಿರೋ, ತಳದಿಂದಲೋ? "ಕಲ್ಲಿಗೆ ಕಲ್ಲು ಉಜ್ಜಿಕೊಳ್ಳಬೇಕು ಕಣೋ" ಅನ್ನುವಷ್ಟರಲ್ಲಿ ಬಸ್ಸು ತಪ್ಪೀತೆಂದು ನಾನು ಎದ್ದುಬಿಟ್ಟೆ. ನಾನು ಮೇಲಿಂದ ಬಿಟ್ಟಿದ್ದೇನೆ, ಕಲ್ಲು ಅಲುಗುವುದೇ ಇಲ್ಲ. ಪತ್ರ ತಂದ ಲಾರಿ ಡ್ರೈವರ್ ನಾಳೆಯೇ ವಾಪಸು ಬರುತ್ತಾನೆ. ಎರಡು ಸಾಲು ಬರೆದು ಅವನ ಕೈಗೆ ಕೊಡಿ.

ಅಕ್ಕನಿಗೆ ನಮಸ್ಕಾರ. ಮಕ್ಕಳು ಸುಖವಾಗಿರಲಿ, ನಿಮ್ಮ ಕಾಲು ಬೇಗ ಗಟ್ಟಿಯಾಗಲಿ.

ನಿಮ್ಮ ಭಾವಮೈದುನ

ಮರೆತ ಮಾತು: ಮರೆತದ್ದಲ್ಲ. ಮ್ಯಾನೇಜರು "ಯಾರ ತಲೇಲಿ ಹೊಳೀತಯ್ಯಾ ಇದು?" ಎಂದಾಗ "ನಂದೇ ಸಾರ್" ಅಂದೆ. ಗೇಟಿನಲ್ಲಿ ನನ್ನ ಫೋಟೊ ಹಾಕಿದ್ದಾರೆ. ಅಕ್ಕ ಅದನ್ನು ಫೋನಿನಲ್ಲಿ ನೋಡಿ, "ನನ್ನ ತಮ್ಮ ಎಷ್ಟು ಬುದ್ಧಿವಂತ ನೋಡಿ," ಎಂದು ನಿಮಗೂ ತೋರಿಸಿದಳಂತೆ. ನೀವು ಕನ್ನಡಕ ಹಾಕಿಕೊಂಡು ನೋಡಿ, "ಹೌದು," ಅಂದಿರಂತೆ.