ಬೋರ್ಡಿನ ಮನೆಯ ತಮ್ಮ

5 ನವೆಂಬರ್ 1978, ಭಾನುವಾರ. ಸಿರುಗುಪ್ಪ

ಬೆಳಿಗ್ಗೆಯೆಲ್ಲ ಪೇಪರ್ ತಿದ್ದಿದೆ. ಏಳನೇ ಕ್ಲಾಸಿನವರಿಗೆ ಇನ್ನೂ ಭಾಗಾಕಾರ ಬರುವುದಿಲ್ಲ. ಯಾರನ್ನು ಬೈಯಲಿ? ಕಲಿಸಿದವಳು ನಾನೇ.

ಮಧ್ಯಾಹ್ನ ಬಳ್ಳಾರಿಗೆ ಹೋಗಿ ಮನೆಯ ಕೀಲಿಕೈ ಕೊಟ್ಟು ಬಂದೆ. ಮನಸ್ಸಿಗೆ ಒಂದಿಷ್ಟೂ ಸಮಾಧಾನವಿಲ್ಲ. ಆರು ವರ್ಷ ಅರ್ಜಿ ಹಾಕಿ, ಲಾಟರಿಯಲ್ಲಿ ಹೆಸರು ಎದ್ದು ಸಿಕ್ಕ ಹೌಸಿಂಗ್ ಬೋರ್ಡಿನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಪಾರ್ವತಿನಗರದಿಂದ ಇನ್ನೂ ಆಚೆ. ಹತ್ತು ವರ್ಷ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಖಾಲಿ ಬಿಡುವಂತಿಲ್ಲ. ತಪ್ಪಿದರೆ ಮನೆ ವಾಪಸು. ಎರಡು ವರ್ಷ ಇದ್ದೆ, ಅಷ್ಟರಲ್ಲಿ ಈ ಟ್ರಾನ್ಸ್‌ಫರ್. ನಾನಿಲ್ಲದಾಗ ರಕ್ತಸಂಬಂಧಿ ಇದ್ದರೆ ನಡೆಯುತ್ತದಂತೆ. ಎಲ್ಲಿಂದ ತರಲಿ? ಗಂಡ ಹೋಗಿ ಹನ್ನೊಂದು ವರ್ಷ. ಮಕ್ಕಳಿಲ್ಲ. ತವರಿನಲ್ಲಿ ನಾನೊಬ್ಬಳೇ.

ಬಾಡಿಗೆಗೆ ಬಂದವನು ಎರ್ರಿಸ್ವಾಮಿ, ಲಾರಿ ಮೆಕ್ಯಾನಿಕ್, ಬಾದನಹಟ್ಟಿಯವನು. ಹೆಂಡತಿ ವಿರೂಪಮ್ಮ. ನಾವು ಲಿಂಗಾಯತರು, ಅವರು ಬೇರೆ. ನನಗೇನು, ಮನೆ ಚೊಕ್ಕಟ ಇಟ್ಟುಕೊಂಡರೆ ಸಾಕು.

“ಯಾರು ಕೇಳಿದ್ರೂ ನನ್ನ ತಮ್ಮ ಅಂತ ಹೇಳಪ್ಪ” ಅಂದೆ.

ನಕ್ಕ. “ಆತು ಬಿಡ್ರಿ ಅಕ್ಕಾರ. ನನಗೂ ಅಕ್ಕ ಇಲ್ಲ.”

14 ಜನವರಿ 1979, ಭಾನುವಾರ

ಮನೆ ನೋಡಿ ಬಂದೆ. ಎರಡು ಮನೆ ಆಚೆಯ ಚಿದಾನಂದಪ್ಪನವರು ದಾರಿಯಲ್ಲೇ ನಿಲ್ಲಿಸಿದರು. ಬೋರ್ಡಿನ ಆಫೀಸಿನಲ್ಲೇ ಗುಮಾಸ್ತರು, ನಮ್ಮವರು. ಗುಟ್ಟು ಗೊತ್ತಾಯಿತೇನೋ ಅಂದುಕೊಂಡೆ.

“ನಿಮ್ಮ ತಮ್ಮ ಭಾಳ ಚಲೋ ಮನುಷ್ಯ ಅದಾನ ಟೀಚರಮ್ಮ. ನಮ್ಮ ನೀರಿನ ಪಂಪು ರಿಪೇರಿ ಮಾಡಿ ಒಂದು ಕಪ್ ಚಾ ಸೈತ ಮುಟ್ಟಲಿಲ್ಲ.”

ಒಳಗೆ ಹೋದರೆ ಎರ್ರಿಸ್ವಾಮಿಯ ಹಣೆ ತುಂಬ ವಿಭೂತಿ! “ಓಣ್ಯಾಗ ಕೇಳ್ತಾರ್ರಿ ಅಕ್ಕಾರ, ಅದಕ್ಕ ಹಚ್ಕಂಡೀನಿ” ಅಂದ. ಬಸ್ಸಿನಲ್ಲಿ ನೆನೆಸಿಕೊಂಡು ಒಬ್ಬಳೇ ನಕ್ಕೆ.

29 ಮಾರ್ಚ್, ಗುರುವಾರ. ಸಂಜೆ ಆರೂವರೆ, ಬಳ್ಳಾರಿ

ಬರೆಯದಿದ್ದರೆ ತಲೆ ಕೆಡುತ್ತದೆ.

ಬೆಳಿಗ್ಗೆ ಹತ್ತಕ್ಕೆ ಸ್ಕೂಲಿನ ಮುಂದೆ ಚಿದಾನಂದಪ್ಪನವರು ಕಳಿಸಿದ ಜೀಪು ಬಂತು. “ನಿಮ್ಮ ತಮ್ಮ ಹೋದ್ರಿ ಅಮ್ಮ” ಅಂದ ಡ್ರೈವರು. ನನಗೆ ತಮ್ಮನೇ ಇಲ್ಲ ಅನ್ನಲು ಬಾಯಿ ತೆರೆದೆ… ಆಮೇಲೆ ನೆನಪಾಯಿತು. ಎರ್ರಿಸ್ವಾಮಿ. ಮೂವತ್ತನಾಲ್ಕು ವರ್ಷ. ಮುಂಜಾನೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲವಂತೆ.

“ಅಕ್ಕ ಬಂದ್ಲು, ದಾರಿ ಬಿಡ್ರಿ” ಅಂದರು ಓಣಿಯವರು. ಒಳಗೆ ನೋಡಿದೆ. ಗೋಡೆಗೆ ಆನಿಸಿ ಕೂರಿಸಿದ್ದರು. ಮೈಗೆಲ್ಲ ವಿಭೂತಿ. ಚಿದಾನಂದಪ್ಪನವರು ಮಠದ ಅಯ್ಯನವರನ್ನೂ ಕರೆಸಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅವರಲ್ಲಿ ಮಲಗಿಸಿ.

ವಿರೂಪಮ್ಮ ಬಂದು ಕಾಲು ಹಿಡಿದಳು. ಅಳುತ್ತಲೇ ಮೆಲ್ಲಗೆ ಅಂದಳು: “ಬಾದನಹಟ್ಟ್ಯಾಗ ನಮ್ಮ ಬಾವಗ ಇನ್ನಾ ಸುದ್ದಿನಾ ಮುಟ್ಟಿಲ್ರಿ ಅಕ್ಕಾರ. ಊರಿಗೆ ಒಯ್ದು ಅವರಪ್ಪನ ಮಗ್ಗಲಾಗ ಮಲಗಿಸಬೇಕ್ರಿ. ನೀವಾ ಹೇಳ್ರಿ. ನಾ ಹೇಳಿದ್ರ ನಿಮ್ಮ ಮನಿ ಹೋಗತೈತಿ.”

ಗಂಡ ಸತ್ತು ಕೂತ ಹೊತ್ತಿನಲ್ಲೂ ನನ್ನ ಮನೆಯ ಚಿಂತೆ ಅವಳಿಗೆ.

ಅಷ್ಟರಲ್ಲಿ ಚಿದಾನಂದಪ್ಪನವರು ಹಿಂದಿನಿಂದ: “ಟೀಚರಮ್ಮ, ಕೊಳ್ಳಾಗ ಲಿಂಗಾ ಇಲ್ಲಲ್ಲ?”

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿಬಿಡಬೇಕಿತ್ತು. ಇವನು ನನ್ನ ತಮ್ಮನಲ್ಲ, ಅಷ್ಟೇ. ನನ್ನ ಬಾಯಿಂದ ಬಂದದ್ದು: “ಹೊಳ್ಯಾಗ ಜಳಕ ಮಾಡುವಾಗ ಕಳಕಂಡಾನ್ರಿ.”

ಎಷ್ಟು ಸಲೀಸಾಗಿ ಬಂತು! ಒಂದಿಷ್ಟೂ ತಡವರಿಸಲಿಲ್ಲ. ಅಯ್ಯನವರು ಹೊಸ ಲಿಂಗ ಕಟ್ಟಿದರು. ವಿರೂಪಮ್ಮ ನನ್ನ ಕಾಲು ಬಿಟ್ಟು ಎದ್ದು ಮೂಲೆಗೆ ಹೋಗಿ ಕೂತಳು.

ನಾಲ್ಕಕ್ಕೆ ಮಣ್ಣಾಯಿತು. ಕೂರಿಸಿಯೇ. ನಾನೂ ಒಂದು ಹಿಡಿ ಹಾಕಿದೆ. ಬಿಕ್ಕಿ ಬಿಕ್ಕಿ ಅತ್ತೆ. ಓಣಿಯ ಹೆಂಗಸರು ಬೆನ್ನು ಸವರಿದರು. ಥೂ ನನ್ನ ಜನ್ಮಕ್ಕೆ.

30 ಮಾರ್ಚ್, ಶುಕ್ರವಾರ

ಅಣ್ಣ ಬಂದ. ಖರೇ ಅಣ್ಣ, ಹಾಲಸಿದ್ದಪ್ಪ. ಅದೇ ಮೂಗು, ಅದೇ ಹುಬ್ಬು. ಬಾಗಿಲಲ್ಲಿ ನಿಂತು “ನನ್ನ ತಮ್ಮ ಎಲ್ಲಿ?” ಅಂತ ಕೇಳುವ ಮೊದಲೇ ವಿರೂಪಮ್ಮ ಒಳಗೆ ಕರೆದುಕೊಂಡು ಹೋದಳು. ಏನು ಹೇಳಿದಳೋ. ಹೊರಗೆ ಬಂದವನು ನನ್ನನ್ನೇ ನೋಡುತ್ತ ನಿಂತ.

“ಇವರ್ಯಾರವಾ?” ಚಿದಾನಂದಪ್ಪನವರು ವಿರೂಪಮ್ಮನನ್ನು ಕೇಳಿದರು.

“ನಮ್ಮೂರವ್ರು” ಅಂದಳು.

ಒಡಹುಟ್ಟಿದವನು ಪರವೂರಿನವನಂತೆ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋದ. ನಾನು ಅಕ್ಕನ ಜಾಗದಲ್ಲಿ ಚಾಪೆಯ ಮೇಲೆ ಕೂತಿದ್ದೆ.

9 ಏಪ್ರಿಲ್, ಸೋಮವಾರ. ಸಿರುಗುಪ್ಪ

ವಿರೂಪಮ್ಮ ಬಂದಿದ್ದಳು. ಕೀಲಿಕೈ ನೆಲದ ಮೇಲೆ ಇಟ್ಟಳು. ಕೈಗೆ ಕೊಡಲಿಲ್ಲ.

“ಅಲ್ಲೇ ಇರವಾ, ಬಾಡಿಗೆ ಬ್ಯಾಡ” ಅಂದೆ.

“ಆ ಮನ್ಯಾಗ ಯಾರ ಹೆಂಡ್ತಿ ಅಂತ ಇರ್ಲಿ? ನಿಮ್ಮ ತಮ್ಮ ಸತ್ತ, ಎಲ್ರೂ ಅತ್ರು. ನನ್ನ ಗಂಡಗ ಇನ್ನಾ ಯಾರೂ ಅತ್ತಿಲ್ಲ.”

ನಾನು ಬಗ್ಗಿ ಕೀಲಿಕೈ ಎತ್ತಿಕೊಂಡೆ.

ಹಾಲಸಿದ್ದಪ್ಪ ತಮ್ಮನನ್ನು ಮಣ್ಣಿನಿಂದ ತೆಗೆದು ಊರಿಗೆ ಒಯ್ಯಬೇಕು ಅನ್ನುತ್ತಾನಂತೆ. ಆ ರುದ್ರಭೂಮಿಯ ಹಿರಿಯರು ಚಿದಾನಂದಪ್ಪನವರೇ. ಅವನು ನಮ್ಮವನಲ್ಲ ಅಂತ ನಾನು ಹೇಳದೆ ಅವರು ಮಣ್ಣು ಮುಟ್ಟಗೊಡುವುದಿಲ್ಲ. ಹೇಳಿದರೆ ಮರುದಿನವೇ ಬೋರ್ಡಿನ ನೋಟೀಸು.

“ಗುರುವಾರ ಬರ್ತೀವ್ರಿ” ಅಂತ ಎದ್ದು ಹೋದಳು. ಅಕ್ಕಾರ ಅನ್ನಲಿಲ್ಲ.

12 ಏಪ್ರಿಲ್, ಗುರುವಾರ. ಬೆಳಿಗ್ಗೆ ಹತ್ತೂವರೆ

ಮೂರು ದಿನ ಅನ್ನ ಇಳಿದಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಬರೆದೆ. ಎರ್ರಿಸ್ವಾಮಿ ನನ್ನ ಬಾಡಿಗೆದಾರ, ಸುಳ್ಳು ಹೇಳಿದವಳು ನಾನು, ಅವನ ಅಣ್ಣ ಹಾಲಸಿದ್ದಪ್ಪ ಕೇಳಿದಂತೆ ನಡೆಸಿಕೊಡಬೇಕು. ಕೆಳಗೆ ಸಹಿ: ಗುರುಬಸಮ್ಮ, ಸಹಶಿಕ್ಷಕಿ. ಬರೆದ ಮೇಲೆ ಸ್ವಲ್ಪ ಹಗುರ ಅನ್ನಿಸಿತು. ಇನ್ನು ಇದನ್ನು ಕೊಟ್ಟು ಕಳಿಸಿದರೆ ಆಯಿತು, ಯಾರ ಮುಖವನ್ನೂ ನೋಡಬೇಕಾಗಿಲ್ಲ ಅಂದುಕೊಂಡೆ.

ಇಬ್ಬರೂ ಬಂದರು. ಹಾಳೆ ಚಾಚಿದೆ. ಹಾಲಸಿದ್ದಪ್ಪ ಕೈ ನೀಡಿದ. ವಿರೂಪಮ್ಮ ತಡೆದಳು.

“ಬರದದ್ದು ಬ್ಯಾಡ್ರಿ. ಅವತ್ತು ಎಲ್ರ ಮುಂದ ಹೇಳಿದ್ರಲ್ಲ. ಇವತ್ತೂ ಎಲ್ರ ಮುಂದ ಬಂದು ಹೇಳ್ರಿ.”

ಸೀರೆ ಬದಲಾಯಿಸಿ ಬರುತ್ತೇನೆ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಹನ್ನೊಂದಕ್ಕೆ. ಬಿಸಿಲಲ್ಲಿ ನಿಂತಿದ್ದಾರೆ, ಒಳಗೆ ಬನ್ನಿ ಅಂದರೂ ಬರಲಿಲ್ಲ. ಹೋಗುತ್ತೇನೆ. ಹೋಗಲೇಬೇಕು. ಚಿದಾನಂದಪ್ಪನವರ ಮುಖ, ಓಣಿಯ ಹೆಂಗಸರ ಮುಖ… ಸೀರೆ ಉಟ್ಟಾಯಿತು. ಆ ಮನೆಯೂ ಹೋದರೆ, ರಿಟೈರ್ ಆದ ಮೇಲೆ ನಾನು ಎಲ್ಲಿ —

ಕರೆಯುತ್ತಿದ್ದಾಳೆ. ಟೀಚರಮ್ಮ ಅಂತ